ಕೊಲ್ಲಿಯ ಸಂಜೆ ಮತ್ತು ನನ್ನ ಕ್ಯಾಮೆರಾ

(ಕೂಟದ ಸ್ಥಾಪನಾ ದಿನದ ಛಾಯಾಚಿತ್ರ ಪ್ರದರ್ಶನದ ಸಂದರ್ಭದಲ್ಲಿ ಮಾಡಿದ ಭಾಷಣ)





“ಸೂರ್ಯಾಸ್ತದ ಫೋಟೋ ತೆಗೆಯುವುದು ಹೇಗೆ ಅಂತ ಇಪ್ಪತ್ತು ನಿಮಿಷ ಮಾತಾಡಿ ಸಾರ್” ಎಂದು ನಮ್ಮ ಕಾರ್ಯದರ್ಶಿಗಳು ಫೋನ್ ಮಾಡಿದಾಗ ನನಗೆ ನಗು ಬಂತು. ಈಗ ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ. ಐದು ವರ್ಷದ ಮಗು ಕೂಡ ಫೋನ್ ಎತ್ತಿ ಒಂದು ಗುಂಡಿ ಒತ್ತಿದರೆ ಚಿತ್ರ ಬರುತ್ತದೆ. ಇದರಲ್ಲಿ ಹೇಳುವುದೇನಿದೆ? ಆಮೇಲೆ ಯೋಚಿಸಿದಾಗ, ಹೇಳಬೇಕಾದ ಒಂದು ಮಾತು ನನ್ನ ಹತ್ತಿರ ಇದೆ ಅನ್ನಿಸಿತು. ನಾನು ವೃತ್ತಿಯಿಂದ ಛಾಯಾಗ್ರಾಹಕನಲ್ಲ. ಹಗಲೆಲ್ಲ ಕಂಪ್ಯೂಟರ್ ಮುಂದೆ ಕೂತು, ಸಂಜೆ ಈ ಕೊಲ್ಲಿಯ ದಂಡೆಯಲ್ಲಿ ಮೂವತ್ತು ವರ್ಷ ಫಿಲ್ಮ್ ಹಾಳು ಮಾಡಿದವನು. ತಪ್ಪು ಮಾಡಿ ಕಲಿತವನ ಮಾತು ಎಂದುಕೊಂಡು ಕೇಳಿ.

ಮೊದಲು ನಮ್ಮ ನೆಲದ ವಿಷಯ. ಕ್ಯಾಲಿಫೋರ್ನಿಯಾ ಎಂದರೆ ಯೋಸೆಮಿಟಿ, ಬಿಗ್ ಸರ್, ಗೋಲ್ಡನ್ ಗೇಟ್ ಸೇತುವೆ ಎಂದು ನಾವು ಊರಿನಿಂದ ಬಂದ ನೆಂಟರನ್ನೆಲ್ಲ ಅಲ್ಲಿಗೇ ಕರೆದೊಯ್ಯುತ್ತೇವೆ. ಆದರೆ ನಾವು ವಾಸ ಮಾಡುತ್ತಿರುವುದು ಬೇರೆ ಜಾಗದಲ್ಲಿ. ಫ್ರೀಮಾಂಟ್, ಮಿಲ್ಪಿಟಾಸ್, ಸ್ಯಾನ್ ಹೋಸೆ, ಸನಿವೇಲ್, ಈ ಊರುಗಳೆಲ್ಲ ಕೊಲ್ಲಿಯ ದಕ್ಷಿಣ ತುದಿಯ ಸುತ್ತ ಕೂತಿವೆ. ಆ ತುದಿಯಲ್ಲಿ ಬೆಟ್ಟವಿಲ್ಲ, ಬಂಡೆಯಿಲ್ಲ, ಅಲೆಯೂ ಇಲ್ಲ. ಕೆಸರು, ಜವುಗು, ಉಪ್ಪುನೀರಿನ ಹಳ್ಳ, ಮಣ್ಣಿನ ಏರಿಗಳು, ಏರಿಗಳ ನಡುವೆ ಉಪ್ಪಿನ ಕೊಳಗಳು. ಚಪ್ಪಟೆ ಎಂದರೆ ತಟ್ಟೆಯಷ್ಟು ಚಪ್ಪಟೆ. 237 ಅಥವಾ 880ರಲ್ಲಿ ದಿನಾ ಕಾರು ಓಡಿಸುವವರು ಅದರ ಪಕ್ಕದಲ್ಲೇ ಹೋಗುತ್ತಾರೆ, ತಿರುಗಿ ನೋಡುವುದಿಲ್ಲ.

1850ರ ದಶಕದಿಂದಲೂ ಇಲ್ಲಿ ಬಿಸಿಲಿಗೆ ನೀರು ಆರಿಸಿ ಉಪ್ಪು ತೆಗೆಯುತ್ತಿದ್ದಾರೆ. 1972ರಲ್ಲಿ ಈ ಜವುಗಿನ ಒಂದು ಭಾಗವನ್ನು ಪಕ್ಷಿ-ಪ್ರಾಣಿಗಳಿಗೆಂದು ರಾಷ್ಟ್ರೀಯ ಆಶ್ರಯಧಾಮವಾಗಿ ಉಳಿಸಲು ಅಮೆರಿಕದ ಸಂಸತ್ತು ಒಪ್ಪಿತು. ಅದಕ್ಕಾಗಿ ದುಡಿದ ಸಂಸದ ಡಾನ್ ಎಡ್ವರ್ಡ್ಸ್ ಅವರ ಹೆಸರನ್ನು 1995ರಲ್ಲಿ ಅದಕ್ಕೆ ಇಟ್ಟರು. 2003ರಲ್ಲಿ ಸರ್ಕಾರ 15,100 ಎಕರೆ ಉಪ್ಪಿನ ಕೊಳಗಳನ್ನು ಕೊಂಡುಕೊಂಡು, ಅವನ್ನು ಮತ್ತೆ ಜವುಗಾಗಿ ಮಾಡುವ ಕೆಲಸಕ್ಕೆ ಕೈ ಹಾಕಿತು. 2006ರಲ್ಲಿ ಆಲ್ವಿಸೋ ಹತ್ತಿರದ ಮೂರು ಕೊಳಗಳ ಏರಿ ಒಡೆದು ಉಬ್ಬರದ ನೀರನ್ನು ಒಳಕ್ಕೆ ಬಿಟ್ಟರು. ನ್ಯೂಅರ್ಕ್ ಸುತ್ತಮುತ್ತ ಈಗಲೂ ಉಪ್ಪಿನ ಕೆಲಸ ನಡೆಯುತ್ತದೆ.

ವಿಮಾನ ಇಳಿಯುವಾಗ ಕಿಟಕಿಯಿಂದ ಕೆಂಪು, ಕಿತ್ತಳೆ, ಹಸಿರು ಬಣ್ಣದ ಗದ್ದೆಗಳನ್ನು ನೀವೆಲ್ಲ ಕಂಡಿರಬಹುದು. ಅದು ಯಾರೂ ಸುರಿದ ಬಣ್ಣವಲ್ಲ. ನೀರಿನಲ್ಲಿ ಉಪ್ಪು ಹೆಚ್ಚುತ್ತಾ ಹೋದಂತೆ ಅದರಲ್ಲಿ ಬದುಕುವ ಪಾಚಿ ಮತ್ತು ಸೂಕ್ಷ್ಮಜೀವಿಗಳು ಬದಲಾಗುತ್ತವೆ, ಅವುಗಳ ಬಣ್ಣವೇ ನೀರಿನ ಬಣ್ಣ. ಉಪ್ಪು ಕಡಿಮೆ ಇದ್ದರೆ ಹಸಿರು, ಅತಿ ಹೆಚ್ಚಾದರೆ ಕೆಂಪು.

ನಾನು ಇದನ್ನೆಲ್ಲ ಇಷ್ಟು ಹೇಳುವುದಕ್ಕೆ ಕಾರಣವಿದೆ. ನನ್ನ ಊರು ಕುಮಟಾ ತಾಲ್ಲೂಕಿನ ಸಾಣಿಕಟ್ಟೆಯ ಹತ್ತಿರ. ಗೋಕರ್ಣಕ್ಕೆ ಹೋದವರು ದಾರಿಯಲ್ಲಿ ಬಿಳಿ ಗುಡ್ಡೆಗಳನ್ನು ಕಂಡಿರುತ್ತೀರಿ. ಉಪ್ಪು ಬೆಳೆಯುವ ಆ ಗದ್ದೆಗಳಿಗೆ ನಮ್ಮ ಕಡೆ ಆಗರ ಎನ್ನುತ್ತೇವೆ. ನನ್ನ ಅಪ್ಪ ಆ ಆಗರದಲ್ಲಿ ಲೆಕ್ಕ ಬರೆಯುವ ಕೆಲಸ ಮಾಡಿಕೊಂಡಿದ್ದರು. ಅಘನಾಶಿನಿ ಹೊಳೆ ಸಮುದ್ರ ಸೇರುವ ಆ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ನಮ್ಮ ಈ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯೂ ಅದೇ ಪಟ್ಟಿಯಲ್ಲಿದೆ.

1996ರಲ್ಲಿ ಅಪ್ಪ ಒಬ್ಬರೇ ಇಲ್ಲಿಗೆ ಬಂದಿದ್ದರು. ಆಯಿ ಬರಲಿಲ್ಲ, ಮನೆಯಲ್ಲಿ ದನ-ಕರು ನೋಡಿಕೊಳ್ಳುವವರು ಬೇಕಲ್ಲ. ಬಂದು ಒಂದು ತಿಂಗಳಾದರೂ ಅಪ್ಪನಿಗೆ ಇಲ್ಲಿಯದು ಯಾವುದೂ ಹಿಡಿಸಲಿಲ್ಲ. ಗೋಲ್ಡನ್ ಗೇಟ್ ತೋರಿಸಿದರೆ “ಗಾಳಿ ಜಾಸ್ತಿ” ಎಂದರು. ಅಕ್ಟೋಬರಿನ ಒಂದು ಸಂಜೆ ಫ್ರೀಮಾಂಟ್‌ನಲ್ಲಿ ಡಂಬಾರ್ಟನ್ ಸೇತುವೆಯ ಹತ್ತಿರ ಇರುವ ಆಶ್ರಯಧಾಮದ ಗುಡ್ಡಕ್ಕೆ ಕರೆದುಕೊಂಡು ಹೋದೆ. ಪಂಚೆ ಉಟ್ಟು, ಮೇಲೆ ನನ್ನ ಹಳೇ ಜಾಕೆಟ್ ಹಾಕಿಕೊಂಡಿದ್ದರು. ಗುಡ್ಡದ ಮೇಲೆ ನಿಂತು ಪಶ್ಚಿಮಕ್ಕೆ ನೋಡಿದವರು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, “ಇದು ನಮ್ಮ ಆಗರವೇ ಅಲ್ದನೋ ತಮಾ!” ಎಂದು ನಕ್ಕರು. ಅಪ್ಪ ಹಾಗೆ ಬಾಯ್ತುಂಬ ನಕ್ಕಿದ್ದನ್ನು ನಾನು ನೋಡಿದ್ದು ಕಡಿಮೆ.

ನಾನು ಏನು ಮಾಡಿದೆ? “ಅಲ್ಲೇ ನಿಂತ್ಕಳಿ ಅಪ್ಪ” ಎಂದು ಹೇಳಿ, ಸೂರ್ಯ ಅವರ ಬೆನ್ನ ಹಿಂದೆ ಬರುವಂತೆ ನಿಲ್ಲಿಸಿ, ಆಕಾಶಕ್ಕೆ ಬೆಳಕಿನ ಅಳತೆ ತೆಗೆದು, ಒಂದಲ್ಲ ಎರಡಲ್ಲ, ಹನ್ನೊಂದು ಸ್ಲೈಡ್ ತೆಗೆದೆ. ತೊಳೆದು ಬಂದ ಮೇಲೆ ನೋಡಿದರೆ ಹನ್ನೊಂದರಲ್ಲೂ ಆಕಾಶ ಅದ್ಭುತ, ನೀರು ಅದ್ಭುತ, ನಡುವೆ ಪಂಚೆ ಉಟ್ಟ ಒಂದು ಕಪ್ಪು ಆಕೃತಿ. ಮುಖ ಇಲ್ಲ. “ಪರವಾಗಿಲ್ಲ, ಮುಂದಿನ ಸಲ ಬಂದಾಗ ತೆಗೆದರಾಯಿತು” ಎಂದುಕೊಂಡೆ. ಅಪ್ಪ ಊರಿಗೆ ಹೋದ ಮರುವರ್ಷದ ಮಳೆಗಾಲದಲ್ಲಿ ತೀರಿಕೊಂಡರು.

ಆ ಹನ್ನೊಂದು ಸ್ಲೈಡು ಏಕೆ ಹಾಗಾಯಿತು ಎಂದು ತಿಳಿದುಕೊಳ್ಳುವುದೇ ನನ್ನ ಛಾಯಾಗ್ರಹಣದ ಪಾಠವಾಯಿತು. ಅದನ್ನೇ ಈಗ ನಿಮ್ಮ ಮುಂದೆ ಇಡುತ್ತೇನೆ.

ಕ್ಯಾಮೆರಾಕ್ಕೆ ಬುದ್ಧಿ ಇದೆ ಎಂದು ನಾವು ತಿಳಿದಿದ್ದೇವೆ. ಅದಕ್ಕೆ ಇರುವುದು ಒಂದು ನಂಬಿಕೆ ಮಾತ್ರ: ತಾನು ನೋಡಿದ್ದೆಲ್ಲ ಸರಾಸರಿಯಲ್ಲಿ ಬೂದು ಬಣ್ಣ ಎಂಬ ನಂಬಿಕೆ. ಸೂರ್ಯನಿರುವ ಆಕಾಶವನ್ನು ತೋರಿಸಿದರೆ “ಅಯ್ಯೋ, ಇಷ್ಟು ಬೆಳಕೇ” ಎಂದು ಅದನ್ನು ಬೂದು ಮಾಡಲು ಎಲ್ಲವನ್ನೂ ಕತ್ತಲು ಮಾಡುತ್ತದೆ. ಕಾಲ ಬುಡದ ಕೆಸರನ್ನು ತೋರಿಸಿದರೆ ಅದನ್ನು ಬೂದು ಮಾಡಲು ಆಕಾಶವನ್ನು ಸುಣ್ಣ ಬಳಿದಂತೆ ಬಿಳಿ ಮಾಡುತ್ತದೆ. ಬೆಳಕು ಇಮ್ಮಡಿಯಾಗುವ ಒಂದೊಂದು ಮೆಟ್ಟಿಲಿಗೆ ಸ್ಟಾಪ್ ಎಂದು ಹೆಸರು. ನಾನು ಬಳಸುತ್ತಿದ್ದ ಸ್ಲೈಡ್ ಫಿಲ್ಮ್ ಸುಮಾರು ಐದು ಸ್ಟಾಪ್‌ಗಳನ್ನು ಮಾತ್ರ ಹಿಡಿಯುತ್ತಿತ್ತು. ಇಂದಿನ ಒಳ್ಳೆಯ ಡಿಜಿಟಲ್ ಕ್ಯಾಮೆರಾ ಹನ್ನೆರಡರ ಮೇಲೆ ಹಿಡಿಯುತ್ತದೆ. ಆದರೂ ಮುಳುಗುವ ಸೂರ್ಯ ಮತ್ತು ಅದಕ್ಕೆ ಬೆನ್ನು ಮಾಡಿ ನಿಂತವರ ಮುಖ, ಈ ಎರಡರ ನಡುವಿನ ಅಂತರ ಅದಕ್ಕೂ ಕಷ್ಟವೇ.

ನಮ್ಮ ಸ್ಯಾನ್ ಫ್ರಾನ್ಸಿಸ್ಕೋದಲ್ಲೇ 1902ರಲ್ಲಿ ಹುಟ್ಟಿದ ಆನ್ಸೆಲ್ ಆಡಮ್ಸ್, ಫ್ರೆಡ್ ಆರ್ಚರ್ ಜೊತೆ ಸೇರಿ 1940ರ ಸುಮಾರಿಗೆ ಇದಕ್ಕೊಂದು ಕ್ರಮ ಮಾಡಿದರು. ಕಪ್ಪಿನಿಂದ ಬಿಳಿಯವರೆಗೆ ಮೆಟ್ಟಿಲುಗಳನ್ನು ಮಾಡಿ, ಚಿತ್ರದಲ್ಲಿರುವ ಯಾವ ವಸ್ತು ಯಾವ ಮೆಟ್ಟಿಲ ಮೇಲೆ ನಿಲ್ಲಬೇಕೆಂದು ಗುಂಡಿ ಒತ್ತುವ ಮೊದಲೇ ತೆಗೆಯುವವನು ತೀರ್ಮಾನಿಸಬೇಕು ಎಂದರು. ಅದರ ಸಾರ ಇಷ್ಟೇ: ಎಲ್ಲವೂ ಬೇಕು ಎಂದರೆ ಆಗದು, ಏನು ಬೇಕು ಎಂದು ನೀವು ಹೇಳಬೇಕು.

ಆಕಾಶವೇ ಬೇಕಾದರೆ ಹೀಗೆ ಮಾಡಿ. ಸೂರ್ಯನನ್ನು ಚೌಕಟ್ಟಿನಿಂದ ಹೊರಗಿಟ್ಟು ಅದರ ಪಕ್ಕದ ಆಕಾಶಕ್ಕೆ ಅಳತೆ ತೆಗೆಯಿರಿ, ಆ ಅಳತೆಯನ್ನು ಹಾಗೇ ಹಿಡಿದಿಟ್ಟು ಮತ್ತೆ ಚೌಕಟ್ಟು ಹೊಂದಿಸಿಕೊಳ್ಳಿ. ಫೋನಿನಲ್ಲಾದರೆ ತೆರೆಯ ಮೇಲೆ ಹೊಳೆಯುವ ಮೋಡಕ್ಕೆ ಬೆರಳು ಮುಟ್ಟಿಸಿ, ಬೆಳಕು ಹೆಚ್ಚು-ಕಡಿಮೆ ಮಾಡುವ ಗುರುತನ್ನು ಸ್ವಲ್ಪ ಕೆಳಕ್ಕೆ ಎಳೆಯಿರಿ. ಡಿಜಿಟಲ್‌ನಲ್ಲಿ ಕತ್ತಲಾದ ಭಾಗವನ್ನು ಆಮೇಲೆ ಅಲ್ಪ ಸ್ವಲ್ಪ ಎತ್ತಬಹುದು, ಆದರೆ ಪೂರ್ತಿ ಬಿಳಿಯಾಗಿ ಹೋದ ಆಕಾಶ ಮತ್ತೆ ಬರುವುದಿಲ್ಲ. ಮೂರು ಬೇರೆ ಬೇರೆ ಅಳತೆಗಳಲ್ಲಿ ಮೂರು ಚಿತ್ರ ತೆಗೆಯುವುದು ಹಳೇ ಪದ್ಧತಿ, ಇಂದಿಗೂ ಒಳ್ಳೆಯದೇ. ದೊಡ್ಡ ಲೆನ್ಸ್ ಹಾಕಿ ಕಣ್ಣಿನಿಂದ ನೇರವಾಗಿ ಸೂರ್ಯನನ್ನು ಮಾತ್ರ ನೋಡಬೇಡಿ, ಕಣ್ಣು ಹೋದೀತು.

ಬಣ್ಣದ ವಿಷಯದಲ್ಲೂ ಕ್ಯಾಮೆರಾ ಬುದ್ಧಿವಂತಿಕೆ ತೋರಿಸಲು ಹೋಗುತ್ತದೆ. ನಿಮಗೆ 2020ರ ಸೆಪ್ಟೆಂಬರ್ 9 ನೆನಪಿದೆಯೇ? ಕಾಡ್ಗಿಚ್ಚಿನ ಹೊಗೆಯಿಂದ ಬೆಳಗ್ಗೆಯೇ ಆಕಾಶ ಕಿತ್ತಳೆಯಾಗಿ, ಮಧ್ಯಾಹ್ನವೂ ದೀಪ ಹಾಕಿಕೊಂಡು ಕೂತಿದ್ದೆವು. ಊರಿಗೆ ಕಳಿಸೋಣವೆಂದು ಫೋನಿನಲ್ಲಿ ತೆಗೆದರೆ ಸಾಧಾರಣ ಬೂದು ಆಕಾಶ ಬರುತ್ತಿತ್ತು. ಬಿಳಿ ಬಣ್ಣ ಬಿಳಿಯಾಗಿಯೇ ಕಾಣಬೇಕೆಂದು ಕ್ಯಾಮೆರಾ ಆ ಕಿತ್ತಳೆಯನ್ನೆಲ್ಲ ತೊಳೆದು ಹಾಕುತ್ತಿತ್ತು. ಸಂಜೆಯ ಕೆಂಪಿಗೂ ಅದು ಸ್ವಲ್ಪ ಮಟ್ಟಿಗೆ ಹೀಗೇ ಮಾಡುತ್ತದೆ. ವೈಟ್ ಬ್ಯಾಲೆನ್ಸನ್ನು ಹಗಲು ಬೆಳಕಿಗೆ ಇಟ್ಟುಬಿಡಿ, ಕೆಂಪು ಕೆಂಪಾಗಿಯೇ ಉಳಿಯುತ್ತದೆ.

ಇನ್ನು ಚೌಕಟ್ಟಿನ ವಿಷಯ. ಚಪ್ಪಟೆ ನೆಲದಲ್ಲಿ ಕಣ್ಣಿಗೆ ಕಾಣುವುದು ಒಂದೇ ಗೆರೆ, ದಿಗಂತ. ಅದು ಒಂದಿಷ್ಟು ವಾಲಿದರೂ ಕೊಲ್ಲಿಯ ನೀರೆಲ್ಲ ಒಂದು ಕಡೆ ಸುರಿದುಹೋಗುವಂತೆ ಕಾಣುತ್ತದೆ. ಆದ್ದರಿಂದ ಮೊದಲು ಅದನ್ನು ನೆಟ್ಟಗೆ ಮಾಡಿ. ಆಮೇಲೆ ಆಕಾಶ ಚೆನ್ನಾಗಿದ್ದರೆ ಗೆರೆಯನ್ನು ಕೆಳಗಿಡಿ, ನೀರು ಚೆನ್ನಾಗಿದ್ದರೆ ಮೇಲಿಡಿ. ನೀರು ಕನ್ನಡಿಯಂತೆ ನಿಂತು ಆಕಾಶವೇ ಎರಡಾಗಿದ್ದರೆ ಮಾತ್ರ ನಡುವೆ ಇಡಿ. ದಿಗಂತ ನೇರವಾಗಿರುವುದರಿಂದ ನಮಗೊಂದು ಅನುಕೂಲವೂ ಇದೆ. ಅರ್ಧ ಕಪ್ಪಾಗಿ ಅರ್ಧ ತಿಳಿಯಾಗಿರುವ ಫಿಲ್ಟರ್ ಸಿಗುತ್ತದಲ್ಲ, ಬೆಟ್ಟದ ಸೀಮೆಯಲ್ಲಿ ಅದು ಬೆಟ್ಟದ ತುದಿಯನ್ನೂ ಕಪ್ಪು ಮಾಡುತ್ತದೆ. ಇಲ್ಲಿ ಅದರ ಗೆರೆ ದಿಗಂತದ ಮೇಲೆ ಸರಿಯಾಗಿ ಕೂರುತ್ತದೆ.

ಎರಡನೆಯದು, ನಿಲ್ಲುವ ಎತ್ತರ. ಏರಿಯ ಮೇಲೆ ಕೂತು ತೆಗೆದರೆ ಜವುಗೆಲ್ಲ ಒಂದು ತೆಳ್ಳಗಿನ ಪಟ್ಟಿಯಾಗಿಬಿಡುತ್ತದೆ. ಹಳ್ಳ ಹಾವಿನಂತೆ ಸುತ್ತುವುದು ಕಾಣಬೇಕಾದರೆ ಎತ್ತರಕ್ಕೆ ಹೋಗಬೇಕು. ಕಯೋಟಿ ಹಿಲ್ಸ್ ಅದಕ್ಕೆ ಹೇಳಿ ಮಾಡಿಸಿದ ಜಾಗ. ಆದರೆ ನೀರಿನಲ್ಲಿ ಬಣ್ಣ ತುಂಬಿಕೊಳ್ಳಬೇಕಾದರೆ ಕೆಳಕ್ಕೆ ಬಗ್ಗಬೇಕು. ಇದಕ್ಕೆ ವಿಜ್ಞಾನದ ಕಾರಣವಿದೆ. ನೇರ ಕೆಳಗೆ ನೋಡಿದರೆ ನೀರು ನೂರಕ್ಕೆ ಎರಡು ಪಾಲು ಬೆಳಕನ್ನು ಮಾತ್ರ ಪ್ರತಿಫಲಿಸುತ್ತದೆ, ಓರೆಯಾಗಿ ನೋಡಿದಷ್ಟೂ ಆ ಪಾಲು ಏರುತ್ತಾ ಹೋಗುತ್ತದೆ. ಅದಕ್ಕೇ ಕಾಲ ಬುಡದ ನೀರು ಕಪ್ಪು, ದೂರದ ನೀರು ಬಂಗಾರ.

ಮೂರನೆಯದು, ಹತ್ತಿರದಲ್ಲಿ ಒಂದು ವಸ್ತು ಇರಲಿ. ಹಳೇ ಮರದ ಗೂಟ, ಒಂದು ಬೆಳ್ಳಕ್ಕಿ, ಶರತ್ಕಾಲದಲ್ಲಿ ಕೆಂಪಾಗುವ ಪಿಕಲ್‌ವೀಡ್ ಎಂಬ ಉಪ್ಪುಗಿಡ. ವಿದ್ಯುತ್ ಕಂಬಗಳ ಸಾಲು ಬಂದರೂ ಬೇಜಾರು ಮಾಡಿಕೊಳ್ಳಬೇಡಿ, ಚಪ್ಪಟೆ ನೆಲದಲ್ಲಿ ಎದ್ದು ನಿಂತಿರುವುದು ಅವೇ, ದೂರವನ್ನು ಅವೇ ತೋರಿಸುತ್ತವೆ. ಹಾಗೆಂದು ಚಿತ್ರಕ್ಕಾಗಿ ಏರಿಯಿಂದ ಕೆಳಗಿಳಿದು ಆ ಗಿಡಗಳನ್ನು ತುಳಿಯಬೇಡಿ, ಅಳಿವಿನಂಚಿನಲ್ಲಿರುವ ಇಲಿಯೊಂದು, ಹಕ್ಕಿಯೊಂದು ಅದರಲ್ಲೇ ಬದುಕುತ್ತಿವೆ.

ನಾಲ್ಕನೆಯದು, ಸೂರ್ಯನಿಗಾಗಿ ಆಸೆಪಡಬೇಡಿ. 50 ಮಿಲಿಮೀಟರ್ ಲೆನ್ಸಿನಲ್ಲಿ ತೆಗೆದರೆ 36 ಮಿಲಿಮೀಟರ್ ಅಗಲದ ಫಿಲ್ಮಿನ ಮೇಲೆ ಸೂರ್ಯ ಅರ್ಧ ಮಿಲಿಮೀಟರ್ ಕೂಡ ಬರುವುದಿಲ್ಲ. ಒಂದು ಸಾಸಿವೆ ಕಾಳಿಗಾಗಿ ಇಡೀ ಚಿತ್ರವನ್ನು ಬಲಿ ಕೊಡುತ್ತೇವೆ.

ಎಲ್ಲಿಗೆ ಹೋಗಬೇಕು ಎಂದು ಕೇಳುತ್ತೀರಿ. ನೀರಿನ ಮೇಲೆ ಸೂರ್ಯ ಇಳಿಯುವುದು ಕಾಣಬೇಕಾದರೆ ಪೂರ್ವದ ದಂಡೆಗೆ ಹೋಗಬೇಕು, ಅಂದರೆ ಫ್ರೀಮಾಂಟ್, ಹೇವರ್ಡ್ ಕಡೆ. ಪಾಲೋ ಆಲ್ಟೋ ಬೇಲ್ಯಾಂಡ್ಸ್‌ನಲ್ಲಿ ಕೊಲ್ಲಿ ಇರುವುದು ಪೂರ್ವಕ್ಕೆ, ಸೂರ್ಯ ನಿಮ್ಮ ಹಿಂದೆ ಬೆಟ್ಟದಾಚೆ ಮುಳುಗುತ್ತಾನೆ. ಇಲ್ಲಿ ಸೂರ್ಯ ಮುಳುಗುವ ಜಾಗ ಜೂನ್‌ನಿಂದ ಡಿಸೆಂಬರ್‌ಗೆ ಸುಮಾರು 60 ಡಿಗ್ರಿ ಸರಿಯುತ್ತದೆ. ಕಯೋಟಿ ಹಿಲ್ಸ್‌ನಿಂದ ನೋಡಿದರೆ ಜೂನ್‌ನಲ್ಲಿ ಸ್ಯಾನ್ ಬ್ರೂನೋ ಬೆಟ್ಟದ ಕಡೆ, ಡಿಸೆಂಬರ್‌ನಲ್ಲಿ ರೆಡ್‌ವುಡ್ ಸಿಟಿಯ ಹಿಂದಿನ ಬೆಟ್ಟಗಳ ಕಡೆ. ಬೇಸಿಗೆಯಲ್ಲಿ ಸಮುದ್ರದ ಮಂಜು ಬೆಟ್ಟ ಹತ್ತಿ ಬಂದು ಸೂರ್ಯನನ್ನು ಮೊದಲೇ ನುಂಗುವುದುಂಟು. ಚಳಿಗಾಲದಲ್ಲಿ ಮಳೆ ಬಂದು ಬಿಟ್ಟ ಸಂಜೆ ಬಣ್ಣ ಚೆನ್ನ, ಹಕ್ಕಿಗಳೂ ಹೆಚ್ಚು. ಉಬ್ಬರ-ಇಳಿತದ ಪಟ್ಟಿ ನೋಡಿಕೊಂಡು ಹೋಗಿ, ಇಲ್ಲವಾದರೆ ನೀರಿರಬೇಕಾದ ಜಾಗದಲ್ಲಿ ಕೆಸರು ಸಿಗುತ್ತದೆ. ಗೇಟು ಎಷ್ಟು ಹೊತ್ತಿಗೆ ಮುಚ್ಚುತ್ತಾರೆಂದು ಬೋರ್ಡಿನಲ್ಲಿ ಓದಿಕೊಳ್ಳಿ. ಕೈ ಚಾಚಿ ಸೂರ್ಯನಿಗೂ ದಿಗಂತಕ್ಕೂ ನಡುವೆ ಬೆರಳು ಅಡ್ಡ ಹಿಡಿದರೆ, ಒಂದು ಬೆರಳಿಗೆ ಹತ್ತು-ಹದಿನೈದು ನಿಮಿಷ ಉಳಿದಿದೆ ಎಂದು ಲೆಕ್ಕ.

ಗೋಕರ್ಣದಲ್ಲಿ ಸೂರ್ಯ ಹೆಚ್ಚು ಕಡಿದಾಗಿ ಇಳಿಯುತ್ತಾನೆ, ಮುಳುಗಿದ ಮೇಲೆ ಬೆಳಕು ಇರುವುದು ಇಪ್ಪತ್ತೆರಡು ನಿಮಿಷದ ಆಸುಪಾಸು. ಇಲ್ಲಿ ಓರೆಯಾಗಿ ಇಳಿಯುವುದರಿಂದ ಇಪ್ಪತ್ತಾರರಿಂದ ಮೂವತ್ತು ನಿಮಿಷ. ಅಮೆರಿಕ ನಮಗೆ ಕೊಟ್ಟ ಐದಾರು ನಿಮಿಷ ಹೆಚ್ಚಿನ ಸಂಜೆ ಅದು. ಸೂರ್ಯ ಮುಳುಗಿದ ತಕ್ಷಣ ಕಾರಿಗೆ ಓಡಬೇಡಿ.

ಈಗ ನಾನು ಹೇಳಬೇಕೆಂದಿದ್ದ ಆ ಒಂದು ಮಾತು. ಸೂರ್ಯಾಸ್ತ ನೋಡಲು ಬಂದ ನೂರು ಜನರಲ್ಲಿ ನೂರೂ ಜನ ಪಶ್ಚಿಮಕ್ಕೇ ಕ್ಯಾಮೆರಾ ಹಿಡಿದಿರುತ್ತಾರೆ. ಒಂದು ಸಲ ಸೂರ್ಯನಿಗೆ ಬೆನ್ನು ಕೊಟ್ಟು ತಿರುಗಿ ನೋಡಿ. ಆ ಬೆಳಕು ಯಾವುದರ ಮೇಲೆ ಬೀಳುತ್ತಿದೆಯೋ ಅದು ಕಾಣುತ್ತದೆ. ಮಿಷನ್ ಪೀಕ್ ಬೆಟ್ಟ ತಾಮ್ರದ ಹಂಡೆಯಂತೆ ಹೊಳೆಯುತ್ತಿರುತ್ತದೆ. ಸೂರ್ಯ ಮುಳುಗಿದ ಮೇಲೆ ಅದರ ಹಿಂದೆ ನಸುಗೆಂಪು ಪಟ್ಟಿ, ಅದರ ಕೆಳಗೆ ನೀಲಿ-ಬೂದು ಪಟ್ಟಿ ಏಳುತ್ತದೆ. ಆ ನೀಲಿ-ಬೂದು ನಮ್ಮ ಭೂಮಿಯದೇ ನೆರಳು. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಜೊತೆ ಬಂದವರ ಮುಖ. ಸೂರ್ಯಾಸ್ತಕ್ಕೆ ಮುಂಚಿನ ಅರ್ಧ ಗಂಟೆಯಲ್ಲಿ ಆ ಬೆಳಕು ಮುಖದ ಮೇಲೆ ನೇರವಾಗಿ, ಮೆತ್ತಗೆ ಬೀಳುತ್ತದೆ. ಮುಖದ ಬೆಳಕಿಗೂ ಪೂರ್ವದ ಆಕಾಶದ ಬೆಳಕಿಗೂ ಹೆಚ್ಚು ಅಂತರವಿರುವುದಿಲ್ಲ, ಆದ್ದರಿಂದ ಒಂದೇ ಅಳತೆಗೆ ಎರಡೂ ಸಿಗುತ್ತವೆ. ಕಣ್ಣು ಕಿರಿದು ಮಾಡಿದರೆ ಸ್ವಲ್ಪ ಪಕ್ಕಕ್ಕೆ ನೋಡಲು ಹೇಳಿ. ನಿಮ್ಮ ಉದ್ದನೆಯ ನೆರಳು ಅವರ ಮೇಲೆ ಬೀಳದಂತೆ ಪಕ್ಕಕ್ಕೆ ನಿಲ್ಲಿ. ಸೂರ್ಯನೂ ಬೇಕು, ಮುಖವೂ ಬೇಕು ಎಂದರೆ ಆಕಾಶಕ್ಕೆ ಅಳತೆ ಇಟ್ಟು ಮುಖಕ್ಕೆ ಫ್ಲ್ಯಾಷ್ ಹಾಕಿ. ಕಪ್ಪು ಆಕೃತಿಯೂ ತಪ್ಪಲ್ಲ, ಆದರೆ ಅದು ನೀವು ಬೇಕೆಂದು ಆರಿಸಿದ್ದಾಗಿರಬೇಕು. ನನ್ನದು ಹಾಗಿರಲಿಲ್ಲ.

ಅಪ್ಪ ಹೋದ ಮೇಲೆ ಊರಿಗೆ ಹೋದಾಗ, ನಾನು ಕಳಿಸಿದ್ದ ಆ ಚಿತ್ರದ ಪ್ರಿಂಟನ್ನು ಆಯಿ ದೇವರ ಕೋಣೆಯ ಹೊರಗೆ ಗೋಡೆಗೆ ಹಾಕಿದ್ದರು. ನನಗೆ ನಾಚಿಕೆಯಾಯಿತು. “ಇದು ಕೆಟ್ಟ ಫೋಟೋ ಆಯಿ, ಮುಖವೇ ಬಂದಿಲ್ಲ. ಅವತ್ತು ಅಪ್ಪ ಎಷ್ಟು ನಕ್ಕಿದ್ದರು ಗೊತ್ತಾ” ಎಂದೆ. ಆಯಿ ಆ ಕಪ್ಪು ಆಕೃತಿಯ ಕಡೆ ನೋಡುತ್ತಾ, ಪಂಚೆಯ ಅಂಚು ಎತ್ತಿ ಹಿಡಿದ ಕೈ ತೋರಿಸಿದರು. “ನಿಂತಿದ್ದು ನೋಡಿದರೆ ಯಾರು ಅಂತ ಗೊತ್ತಾಗ್ತಿಲ್ಯನೋ? ಅವರು ನಗುವುದು ಯಂಗೆ ಗೊತ್ತಿದ್ದು ತಮಾ. ಮಕ್ಕಳಿಗೆ ಕಾಣಬೇಕಿತ್ತು” ಎಂದರು.

ನನ್ನ ಮಗಳು ಹುಟ್ಟಿದ್ದು 1998ರಲ್ಲಿ. ಅಜ್ಜನ ಬೇರೆ ಫೋಟೋಗಳನ್ನು ಅವಳು ನೋಡಿದ್ದಾಳೆ. ಅವುಗಳಲ್ಲೆಲ್ಲ ಅಜ್ಜ ಶಾಲೆಯ ಪ್ರಾರ್ಥನೆಗೆ ನಿಂತಂತೆ ಬಿಗಿಯಾಗಿ ನಿಂತಿದ್ದಾರೆ. ನಕ್ಕಿದ್ದು ಆ ಒಂದು ಸಂಜೆ, ಅದನ್ನು ನಾನು ಬಾಯಲ್ಲಿ ಹೇಳಬೇಕಾಗಿದೆ.

ನಮ್ಮ ಕೂಟದ ಎಷ್ಟೋ ಮನೆಗಳಿಗೆ ಈಗ ಊರಿನಿಂದ ಅಪ್ಪ-ಅಮ್ಮ, ಅತ್ತೆ-ಮಾವ ಬಂದಿದ್ದಾರೆ. ಆರು ತಿಂಗಳಿಗೆ ಬಂದವರು. ಈ ಸಭೆಯ ಮುಂದಿನ ಸಾಲಿನಲ್ಲೇ ನಾಲ್ಕಾರು ಜನ ಕೂತಿದ್ದಾರೆ. ಬರುವ ವಾರ ಒಂದು ಸಂಜೆ ಅವರನ್ನು ಕೊಲ್ಲಿಯ ದಂಡೆಗೆ ಕರೆದುಕೊಂಡು ಹೋಗಿ. ಸ್ವೆಟರ್ ಮರೆಯಬೇಡಿ, ಫ್ಲಾಸ್ಕಿನಲ್ಲಿ ಕಾಫಿ ಇರಲಿ. ಸೂರ್ಯಾಸ್ತದ ಚಿತ್ರ ಒಂದೋ ಎರಡೋ ತೆಗೆಯಿರಿ, ಸೂರ್ಯ ನಾಳೆಯೂ ಮುಳುಗುತ್ತಾನೆ. ಆಮೇಲೆ ಬೆನ್ನು ತಿರುಗಿಸಿ, ಅವರ ಮುಖ ತೆಗೆಯಿರಿ.

ಕೂಟ ಇನ್ನೂ ಬಹುಕಾಲ ಬಾಳಲಿ. ಊಟಕ್ಕೆ ಹೊತ್ತಾಯಿತು, ಹಿರಿಯರನ್ನು ಮೊದಲು ಬಿಡಿ.